ಮೇಲಕ್ಕೆ

ಕರಾವಳಿ ಸಂಘದ ಕ್ರೀಡಾಕೂಟದ ಲಕ್ಕಿ ಡ್ರಾದಲ್ಲಿ
ಮೊದಲ ಬಹುಮಾನ ಟೀವಿ, ಎರಡನೆಯದು ಮಿಕ್ಸಿ,
ನಮಗೆ ಬಂದದ್ದು ಮೂರನೆಯದು:
ದೈಮಾನಿಯತ್ ದ್ವೀಪದಲ್ಲಿ ಇಬ್ಬರಿಗೆ ಒಂದು ಮುಳುಗು.
ಮಿಕ್ಸಿಯಾಗಿದ್ದರೆ ಊರಿಗೆ ಒಯ್ಯಬಹುದಿತ್ತು, ಎಂದೆ.
ಜಯಕರ ಚೀಟಿಯನ್ನು ಮಡಚಿ ಕಿಸೆಗಿಟ್ಟ,
ಮಿಕ್ಸಿಗಿಂತ ಜೋಪಾನವಾಗಿ.

ಸೀಬ್‌ನಿಂದ ದೋಣಿ.
ನೀರು ನೀಲಿಯಲ್ಲ, ಬಿಸಿಲಿಗೆ ಬಿಳಿಚಿದ್ದು.
ನನ್ನದು ಹೆಜಮಾಡಿ. ಅಪ್ಪ, ಅಣ್ಣಂದಿರು, ಅಣ್ಣನ ಮಾವ,
ಎಲ್ಲ ಕಡಲಿಗೆ ಹೋದವರೇ. ಹೋದದ್ದು ಮೇಲೆ ಮೇಲೆ.
ಕೆಳಗೆ ಹೋದವನು ಚಿಕ್ಕಪ್ಪ ಒಬ್ಬನೇ,
ಅವನು ಬಂದು ಹೇಳಲಿಲ್ಲ.
ಹೆಂಗಸರಿಗೆ ದಡ, ಬುಟ್ಟಿ, ಐಸು, ಚೌಕಾಸಿ.
ಕಡಲಿಗೆ ಬೆನ್ನು ಹಾಕಿ ಕೂತು ಅಮ್ಮ
ನಲವತ್ತು ವರ್ಷ ಅದರದ್ದೇ ಮಾರಿದಳು.

ಮಾಜಿದ್‌ಗೆ ಹಿಂದಿ ಬರುತ್ತದೆ, ನಮಗಿಂತ ಚೆನ್ನಾಗಿ.
ಮುಖದ ಗಾಜಿಗೆ ಉಗುಳಿ ಒರೆಸಿ ಎಂದ. ಉಗುಳಿದೆವು.
ಕಿವಿ ನೊಂದರೆ ಮೂಗು ಹಿಡಿದು ಮೆಲ್ಲಗೆ ಊದಿ,
ಉಸಿರು ಮಾತ್ರ ಎಂದೂ ಹಿಡಿಯಬೇಡಿ.
ಬೆರಳು ಸೇರಿಸಿ ಉಂಗುರ ಮಾಡಿದರೆ: ಸರಿ ಇದ್ದೇನೆ.
ಇನ್ನೂ ಏನೇನೋ ಸನ್ನೆ ಹೇಳಿಕೊಟ್ಟ,
ನಾನು ಸೊಂಟಕ್ಕೆ ಕಟ್ಟಿದ ಸೀಸದ ತುಂಡುಗಳನ್ನೇ ನೋಡುತ್ತಿದ್ದೆ.
ಜಯಕರ ಸಿಲಿಂಡರಿನ ಮಾಪಕ ಹಿಡಿದು ನಕ್ಕ.
ಇಪ್ಪತ್ತೆರಡು ವರ್ಷದ ಏಸಿ ರಿಪೇರಿ,
ಮುಳ್ಳು ಓದಲು ಇವನಿಗೆ ಯಾರೂ ಕಲಿಸಬೇಕಿಲ್ಲ:
ಇನ್ನೂರು ತುಂಬಿದ್ದು, ಐವತ್ತಕ್ಕೆ ವಾಪಸು.

ಕೆಳಗೆ
ನನ್ನದೇ ಉಸಿರಿನ ಸದ್ದು,
ಪಕ್ಕದಲ್ಲಿ ಯಾರೋ ಮಲಗಿದ ಹಾಗೆ.
ನನಗೆ ಗೊತ್ತಿರುವ ಮೀನಿನ ಹೆಸರೆಲ್ಲ ಸತ್ತ ಮೇಲಿನವು.
ಅಂಜಲ್ ಎಂದರೆ ತುಂಡು,
ಬಂಗುಡೆ ಎಂದರೆ ಕಿವಿರೆತ್ತಿ ನೋಡುವ ಕೆಂಪು.
ಇವು ರೆಪ್ಪೆಯಿಲ್ಲದ ಕಣ್ಣಲ್ಲಿ ನನ್ನನ್ನು ತೂಗಿ ನೋಡಿ
ಚೌಕಾಸಿಯಿಲ್ಲದೆ ಹೊರಟುಹೋದವು.
ಹಸಿರು ಮೀನೊಂದು ಹವಳದ ಬಂಡೆಯನ್ನು ಕಡಿಯುವುದು
ಕೇಳುತ್ತಿತ್ತು, ಯಾರೋ ಹುರಿಗಡಲೆ ತಿಂದಂತೆ.
ಒಂದು ಆಮೆ, ಮದುವೆಮನೆಯ ಹಿರಿಯತ್ತೆ,
ಯಾರನ್ನೂ ವಿಚಾರಿಸದೆ ನಮ್ಮಿಬ್ಬರ ನಡುವೆ ಹಾದಳು.

ಮದುವೆಯಾಗಿ ಹದಿನಾಲ್ಕು ವರ್ಷ,
ಒಟ್ಟಿಗಿದ್ದದ್ದು ಕೂಡಿಸಿದರೆ ಇಪ್ಪತ್ತಾರು ತಿಂಗಳು.
ಬೆಳಿಗ್ಗೆ ಕಾರಿನಲ್ಲಿ ಅವನ ಭಾವನ ಸಾಲದ ಜಗಳ
ಬಾಯಿಗೆ ರಬ್ಬರು ಕಚ್ಚಿದಲ್ಲಿಗೇ ನಿಂತಿತ್ತು.

ಮಾಜಿದ್ ಉಂಗುರ ತೋರಿಸಿ ಕೇಳಿದ. ನಾನು ಉಂಗುರ ತೋರಿಸಿದೆ.
ಜಯಕರ ಅಭ್ಯಾಸದಂತೆ ಹೆಬ್ಬೆರಳೆತ್ತಿದ.
ಒಡನೆ ಒಂದು ಕೈಯಲ್ಲಿ ಅವನು, ಒಂದು ಕೈಯಲ್ಲಿ ನಾನು,
ಮಾಜಿದ್ ನಮ್ಮನ್ನು ಮೆಲ್ಲಗೆ ಎತ್ತತೊಡಗಿದ.
ಇವನು ತಲೆ ಅಲ್ಲಾಡಿಸುತ್ತಾನೆ, ಗುಳ್ಳೆ ಗುಳ್ಳೆ,
ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಎಂದು ಮತ್ತೆ ಹೆಬ್ಬೆರಳು.
ಎಷ್ಟು ಸಲ ಹೇಳಿದನೋ ಅಷ್ಟೂ ಮೇಲಕ್ಕೆ ಬಂದೆವು.

ನೀರಿನಡಿ ಹೆಬ್ಬೆರಳೆಂದರೆ ಚೆನ್ನಾಗಿದ್ದೇನೆ ಅಂತಲ್ಲ ಭಾಯಿ,
ದೋಣಿಯಲ್ಲಿ ಮಾಜಿದ್ ಬಿದ್ದು ಬಿದ್ದು ನಗುತ್ತಿದ್ದ,
ಸಾಕು, ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗು ಅಂತ.
ಎಲ್ಲರೂ ನಕ್ಕರು. ನಾನೂ.
ಮುಳ್ಳು ಇನ್ನೂ ನೂರಹತ್ತರಲ್ಲಿತ್ತು.
ಅಷ್ಟು ಗಾಳಿ ಹಾಳು ಎಂದು ಜಯಕರ ದಡದವರೆಗೂ ಪೇಚಾಡಿದ.

ರಾತ್ರಿ ವಾದಿ ಕಬೀರಿನ ಕೋಣೆಯಲ್ಲಿ ಬಂಗುಡೆ ಹುರಿದ.
ತಿನ್ನಲಾರೆ ಅಂದುಕೊಂಡಿದ್ದೆ.
ತಿಂದೆ. ಇನ್ನೊಂದು ಹಾಕಿಸಿಕೊಂಡೆ.

ಅವನು ನಿದ್ದೆಹೋದ ಮೇಲೆ ಮೊಬೈಲಿನಲ್ಲಿ
ಹಳೆಯ ಮೆಸೇಜುಗಳನ್ನು ಸರಿಸುತ್ತಾ ಹೋದೆ.
ಮಗಳ ಫೀಸು ಕಟ್ಟಿದೆ: ಹೆಬ್ಬೆರಳು.
ಊಟ ಆಯ್ತಾ: ಹೆಬ್ಬೆರಳು.
ಅಲ್ಲಿ ಬಿಸಿಲು ಐವತ್ತಂತೆ, ಟೀವಿಯಲ್ಲಿ ಹೇಳಿದರು: ಹೆಬ್ಬೆರಳು.
ಈ ವರ್ಷವೂ ರಜೆ ಇಲ್ಲವಾ: ಹೆಬ್ಬೆರಳು.

ಅವನ ಕೈ ಹಾಸಿಗೆಯ ಮೇಲೆ ಅಂಗಾತ ಬಿದ್ದಿತ್ತು,
ಉಗುರಿನ ಬುಡದಲ್ಲಿ ಗ್ಯಾಸು ಸುಟ್ಟ ಹಳೆಯ ಕಲೆ.
ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.
ನನ್ನ ವೀಸಾದಲ್ಲಿ ಇನ್ನು ಹನ್ನೊಂದು ದಿನ.
ಗೋಡೆಯ ಏಸಿ ಒಮ್ಮೆ ಉಸಿರು ಬಿಟ್ಟು
ಮತ್ತೆ ಹಿಡಿಯಿತು.