ಕಲಬೆರಕೆ ನಮ್ಮ ಇಲಾಖೆಯದ್ದಲ್ಲ

ಮೂವತ್ತೊಂದು ವರ್ಷ ಮಸ್ಜಿದ್ ಬಂದರಿನ ಓಣಿಗಳಲ್ಲಿ
ತೂಕದ ಬಟ್ಟುಗಳನ್ನು ಬೋರಲು ಹಾಕಿ ನೋಡಿದವನು ನಾನು.
ತಳದ ಸೀಸ ಕೊರೆದು ಮೇಣ ತುಂಬಿದ್ದರೆ
ಹೆಬ್ಬೆರಳಿಗೇ ಗೊತ್ತಾಗುತ್ತಿತ್ತು.

ಇವತ್ತು ಪರೇಲಿನ ಆಸ್ಪತ್ರೆಯಲ್ಲಿ
ನನ್ನನ್ನೇ ತಕ್ಕಡಿಗೆ ಹತ್ತಿಸಿದ್ದಾರೆ.

ಅರವತ್ತೆರಡು ಕಿಲೋ. ಮದುವೆಯ ದಿನವೂ ಅಷ್ಟೇ,
ನಿವೃತ್ತಿಯ ದಿನವೂ ಅಷ್ಟೇ, ಎಂದು ಕೊಚ್ಚಿಕೊಂಡೆ.
ಬೆಲ್ಟಿಗೆ ಹೊಸ ತೂತು ಹೊಡೆಸಿದ್ದು ಹೇಳಲಿಲ್ಲ.

ಶಲಾಕಾ ಅಂತ ಹುಡುಗಿ, ತಾಮ್ಹಣಕರರ ಪೈಕಿ,
ಗೋಡೆಗೆ ನಿಲ್ಲಿಸಿ ಎತ್ತರ ಓದಿದಳು: ನೂರ ಅರವತ್ತೈದು.
ಅರವತ್ತೊಂಬತ್ತಮ್ಮಾ, ಸರ್ವಿಸ್ ಬುಕ್ಕಿನಲ್ಲಿದೆ.
"ಬೆನ್ನು ನುಂಗಿದೆ ಕಾಕಾ," ಎಂದಳು.
ಭಾಗಿಸುವ ಸಂಖ್ಯೆಯೇ ಕುಗ್ಗಿದರೆ
ಲೆಕ್ಕ ಯಾರ ಪರವಾಗಿ ಮಾತಾಡಬೇಕು?

ಆಮೇಲೆ ಇಕ್ಕಳ. ತೋಳಿನ ಹಿಂದಿನ ಚರ್ಮ
ಖಾಲಿ ಚೀಲದ ಬಾಯಿಯಂತೆ ಎದ್ದು ಬಂತು,
ಒಮ್ಮೆ ಹದಿನಾಲ್ಕು, ಮತ್ತೊಮ್ಮೆ ಹತ್ತೊಂಬತ್ತು.
ಆಮೇಲೆ ಪಾದಕ್ಕೆ ಸಣ್ಣ ಕರೆಂಟು ಬಿಡುವ ಹಲಗೆ.
"ಬಿಪಿಗೆ ನೀರಿಳಿಸುವ ಮಾತ್ರೆ ನುಂಗಿದ್ದೀರಾ? ಹಾಗಾದರೆ
ಇದನ್ನೂ ಪೂರ್ತಿ ನಂಬೋ ಹಾಗಿಲ್ಲ."

ನನ್ನ ಕಾಲದಲ್ಲಾಗಿದ್ದರೆ
ಮೂರಕ್ಕೂ ಅರಗು ಹಾಕಿ ಕೇಸು ಬರೆಯುತ್ತಿದ್ದೆ.

ಕೊನೆಗೆ ಉದ್ದನೆಯ ಮಂಚ, ಮೇಲೆ ನಿಧಾನ ಸರಿಯುವ ತೋಳು.
ಮಲಗುವ ಮೊದಲು ಕೇಳಿಯೇಬಿಟ್ಟೆ:
ಇದನ್ನು ತಪಾಸಣೆ ಮಾಡಿದ್ದು ಯಾವಾಗ?
ಅವಳು ನಗಲಿಲ್ಲ. ಕಪಾಟಿನಿಂದ
ನಕಲಿ ಬೆನ್ನುಮೂಳೆಯ ತುಂಡೊಂದು ತೆಗೆದು ತೋರಿಸಿದಳು,
ದಿನಾ ಬೆಳಿಗ್ಗೆ ಮೊದಲ ರೋಗಿ ಇದೇ ಅಂತೆ.
ಮನಸ್ಸಿಗೆ ಹಿತವಾಯಿತು. ಮಲಗಿದೆ.

ಕಾಗದ ಬಂತು. ಅರವತ್ತೆರಡರಲ್ಲಿ ಇಪ್ಪತ್ತೆರಡು ಕೊಬ್ಬು.
ತೊಡೆಯ ಮಾಂಸ ಯಾವಾಗ ಹೊರಟುಹೋಯಿತೋ,
ಗ್ರಾಂ ಗ್ರಾಮಿಗೆ ಸಮನಾಗಿ
ಯಾರು ತುಂಬಿದರೋ ಆ ಜಾಗವನ್ನು!
ಮುಳ್ಳು ಒಂದು ಕೂದಲೆಳೆಯೂ ಅಲುಗದ ಹಾಗೆ.

ಲಾಲ್‌ಬಾಗಿನ ಆ ಹೆಂಗಸು ನೆನಪಾದಳು,
ಹಿತ್ತಾಳೆ ಡಬ್ಬಿ ನನ್ನ ಮೂಗಿಗೆ ಹಿಡಿದು
"ತೂಕ ಸರಿ ಸಾಹೇಬ, ತುಪ್ಪ ತುಪ್ಪವಲ್ಲ" ಎಂದವಳು.
ನಾನು ರಸೀದಿ ಪುಸ್ತಕ ಮುಚ್ಚಿ ಹೇಳಿದ್ದೆ,
ಕಲಬೆರಕೆ ನಮ್ಮ ಇಲಾಖೆಯದ್ದಲ್ಲ ಬಾಯಿ.
ಅವಳು ಡಬ್ಬಿಯ ಮುಚ್ಚಳ
ತಿರುಗಿಸಿ ತಿರುಗಿಸಿ ಹಾಕಿಕೊಂಡು ಹೋದಳು.

"ಇನ್ನೊಂದೇ ಕಾಕಾ. ಕೈ ಊರದೆ
ಕುರ್ಚಿಯಿಂದ ಐದು ಸಲ ಏಳಿ."
ಮೂರು ಎದ್ದೆ. ನಾಲ್ಕನೆಯದಕ್ಕೆ
ಎಡಗೈ ಹೆಬ್ಬೆರಳು ತಾನಾಗಿಯೇ ಮೊಣಕಾಲಿಗೆ ತಾಗಿತು,
ತಕ್ಕಡಿಯ ತಟ್ಟೆಗೆ ಬೆರಳು ತಾಗಿಸುವ
ಬಂದರಿನ ಹಳೆಯ ಜಾಣತನ.

ಶಲಾಕಾ ನೋಡಿದಳು. ಬರೆದುಕೊಂಡಳು.
ನಾನಾಗಿದ್ದರೂ ಬರೆಯುತ್ತಿದ್ದೆ.