ಬಾಗಿಲ ಮೇಲಿನ ಟವೆಲು

ಮೊದಲು ಇಷ್ಟು ತಿಳಿದುಕೊ, ರಮ್ಲತ್:
ಕರ್ನೆಲ್ಲಿನ ಬೀಗಕ್ಕೆ ಕೀಲಿ ಇಲ್ಲ, ಕೊಂಡಿ ಇಲ್ಲ,
ಮೆಮೊರಿಯ ಯಾವುದೋ ಮೂಲೆಯಲ್ಲಿ ಒಂದು ಅಂಕಿ.
ಸೊನ್ನೆ ಇದ್ದರೆ ಒಂದು ಬರೆದು ಒಳಗೆ ಹೋಗು.
ಒಂದು ಇದ್ದರೆ ಹೊರಗೆ ನಿಲ್ಲು.
ಅಷ್ಟೇ.

ನೀನು ಮುಹರ್ರಕ್‌ನಲ್ಲೇ ಹುಟ್ಟಿದವಳು, ನೋಡಿರಲಿಕ್ಕಿಲ್ಲ.
ಪುತ್ತೂರು ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ
ಕಿಟಕಿಯೊಳಗೆ ಟವೆಲು ಎಸೆಯುತ್ತಾರೆ.
ಒಂದು ಮುಷ್ಟಿ ಬಟ್ಟೆ. ಯಾರನ್ನು ತಡೆದೀತು?
ಎತ್ತಿ ಬಿಸಾಡಿ ಕೂತರೆ ಕೂತ ಹಾಗೆಯೇ.
ಆದರೂ ಯಾರೂ ಕೂರುವುದಿಲ್ಲ.
ಬೀಗವೆಂದರೆ ಟವೆಲಲ್ಲ,
ಆ ಕೂರದಿರುವಿಕೆ.

ಇನ್ನೊಂದು: ಖಾಲಿ ಎಂದು ನೋಡುವುದೂ
ಟವೆಲು ಬೀಳುವುದೂ ಒಂದೇ ಏಟಿಗೆ ಆಗಬೇಕು.
ನಡುವೆ ಕೂದಲೆಳೆ ಬಿಟ್ಟರೂ
ಒಂದೇ ಸೀಟಿಗೆ ಇಬ್ಬರು, ಜಗಳ ಉಪ್ಪಿನಂಗಡಿವರೆಗೆ.

ನಮ್ಮ ಫ್ಲ್ಯಾಟಿನಲ್ಲಿ ಏಳು ಗಂಡಸರು, ಒಂದು ಬಾತ್‌ರೂಮು.
ಚಿಲಕ ಮುರಿದದ್ದು ರಮ್ಜಾನಿನಲ್ಲಿ.
ಮನೆಯೊಡೆಯ ಕೇಳಿದಾಗಲೆಲ್ಲ ಬುಕ್ರಾ ಎನ್ನುತ್ತಾನೆ,
ಆ ನಾಳೆಗೆ ಈಗ ಐದು ತಿಂಗಳು.
ಹಾಗಾಗಿ ಒಳಗೆ ಹೋಗುವವನು
ಬಾಗಿಲ ಮೇಲೆ ತನ್ನ ಟವೆಲು ಹಾಕಬೇಕು.
ಕಾಯುವವರಲ್ಲಿ ಎರಡು ಬಗೆ:
ಕ್ರೇನ್ ಓಡಿಸುವ ಇದಿನಬ್ಬ ಬಾಗಿಲ ಮುಂದೆಯೇ ನಿಂತು
ಆಯ್ತಾ ಆಯ್ತಾ ಆಯ್ತಾ ಎನ್ನುತ್ತಾನೆ.
ಸಿಪ್ರಿಯನ್ ಮಂಚಕ್ಕೆ ಮರಳಿ, ಬಿಟ್ಟಾಗ ಎಬ್ಬಿಸಿ ಎಂದು
ಮುಸುಕೆಳೆದು ಮಲಗುತ್ತಾನೆ.
ಎರಡೂ ಕರ್ನೆಲ್ಲಿನಲ್ಲಿವೆ. ಯಾವುದು ಎಲ್ಲಿಗೆ ಎಂಬುದೇ ವಿದ್ಯೆ.

ಈಗ ರೋಗಕ್ಕೆ ಬರೋಣ.
ಕಡಲ ನೀರಿನ ಉಪ್ಪು ತೆಗೆಯುವ ಸ್ಥಾವರ, ಮೂರನೇ ಪಂಪು.
ಒಂಬತ್ತು ದಿನಕ್ಕೊಮ್ಮೆ, ಹೆಚ್ಚುಕಡಿಮೆ ರಾತ್ರಿ ಎರಡಕ್ಕೆ,
ಅದರ ಕಂಟ್ರೋಲರು ಮೌನ.
ಸತ್ತಿಲ್ಲ, ಮೈ ಬಿಸಿ. ಗಾಣದೆತ್ತಿನಂತೆ
ಒಂದೇ ಕಡೆ ಸುತ್ತುತ್ತಿದೆ ಯಾರಿಗೋ ಕಾದು.
ಯಾರಿಗೆ?
ಹಿಡಿಯೋಣವೆಂದು ಎರಡು ಸಾಲು ಪ್ರಿಂಟು ಹಾಕಿದೆ,
ಒಂಬತ್ತು ದಿನ ಮೂವತ್ತಾಯಿತು.
ತೆಗೆದೆ, ಮತ್ತೆ ಒಂಬತ್ತು.
ದೀಪ ಹಿಡಿದರೆ ಮಾಯವಾಗುವ ಜಿರಲೆಯ ಜಾತಿ ಅದು.
ಲಾಗ್ ಬರೆಯುವವನನ್ನು ಶಂಕಿಸಿದೆ,
ವಾಲ್ವ್ ತಿರುಗಿಸುವವನನ್ನು,
ಚಿಪ್ಪು ಮಾಡಿದ ಕಂಪನಿಯನ್ನು,
ಒಂದು ದಿನ ನಿನ್ನನ್ನೂ. ಕ್ಷಮಿಸು.

ಆಗಸ್ಟ್ ಹದಿನಾಲ್ಕು. ಸ್ನಾನಕ್ಕೆಂದು ಎದ್ದಿದ್ದೆ,
ಅಷ್ಟರಲ್ಲಿ ಫೋನು: ಮೂರನೇ ಪಂಪು.
ಓಡಿದೆ. ರೀಸೆಟ್ ಒತ್ತಿ, ಡಂಪು ತೆಗೆದುಕೊಂಡು
ನಾಲ್ಕಕ್ಕೆ ಬಂದೆ, ಬೆವರಲ್ಲಿ ಅಂಗಿ ಮೈಗಂಟಿ.
ಬಾಗಿಲ ಮೇಲೆ ಟವೆಲು.
ನಿಂತೆ. ಹತ್ತು ನಿಮಿಷ. ಇಪ್ಪತ್ತು.
ಆಯ್ತಾ ಎಂದೆ, ಇದಿನಬ್ಬನ ಧಾಟಿಯಲ್ಲೇ.
ಒಳಗೆ ನೀರಿನ ಸದ್ದಿಲ್ಲ.
ಮಂಚಗಳನ್ನು ಎಣಿಸಿದೆ: ಆರು ಗೊರಕೆ.
ಏಳನೆಯವನು ಯಾರು?
ಮಸೀದಿಯಲ್ಲಿ ಬಾಂಗು ಶುರುವಾಯಿತು
ನೀಲಿ ಅಂಚಿನ ಆ ಟವೆಲನ್ನು ನಾನು ಗುರುತು ಹಿಡಿಯುವಾಗ.

ಮೀಯಲಿಲ್ಲ. ಡಂಪು ಬಿಚ್ಚಿದೆ.
ಕೆಳಗೆ ಬೀಗ ಹಿಡಿದವನು: ಕೋರ್ ಸೊನ್ನೆ.
ಮೇಲೆ ಬೀಗಕ್ಕೆ ಕಾಯುವವನು: ಕೋರ್ ಸೊನ್ನೆ.
ನಡುವೆ ಒಂದು ಇಂಟರಪ್ಟು,
ಕೆಲಸದಲ್ಲಿದ್ದವನ ಭುಜ ತಟ್ಟಿ
ಅವನ ಕೈಯಿಂದಲೇ ತನ್ನ ಕೆಲಸ ಮಾಡಿಸಲು ಬಂದದ್ದು,
ಅವನೇ ಹಾಕಿದ ಟವೆಲ ಮುಂದೆ ನಿಂತುಬಿಟ್ಟಿದೆ.
ಅದು ಸರಿಯದೆ ಇವನು ಮುಗಿಸಲಾರ,
ಇವನು ಮುಗಿಸದೆ ಅದು ಸರಿಯದು.

ತಿದ್ದಿದ್ದು ಎರಡೇ ಸಾಲು:
ಬೀಗ ಹಿಡಿಯುವ ಮುನ್ನ ಈ ಕೋರಿನ ಇಂಟರಪ್ಟು ಮುಚ್ಚು,
ಬಿಟ್ಟ ಮೇಲೆ ಮೊದಲಿದ್ದ ಹಾಗೆ ತೆರೆ.
ನಲವತ್ತೊಂದು ದಿನವಾಯಿತು. ಹೋಯಿತು ಎನ್ನಲಾರೆ,
ಜಿರಲೆಯ ವಿಷಯ ನಿನಗೂ ಗೊತ್ತು.

ನೀನು ಕೇಳಿದ್ದು ಬೇರೆಯೇ:
ಬಾಗಿಲು ತಳ್ಳಿ ನೋಡಬಹುದಿತ್ತಲ್ಲ ಸರ್,
ಚಿಲಕವೇ ಇರಲಿಲ್ಲವಲ್ಲ?

ತಳ್ಳಬಹುದಿತ್ತು, ರಮ್ಲತ್.
ಟವೆಲು ಇತ್ತು.