ಹರಕು ತುಂಡು

ಮೊದಲ ಇಪ್ಪತ್ತು ನಿಮಿಷ ಇನ್ನಾಸಪ್ಪ ಮೈದಾನದಲ್ಲಿ ಇರುವುದಿಲ್ಲ.
ಬೂಟು ಇರುತ್ತದೆ, ಹತ್ತನೇ ನಂಬರಿನ ಅಂಗಿ ಇರುತ್ತದೆ,
ಪಾಸು ಮಾತ್ರ ಕೌಲ್ ಬಜಾರಿನ ಚರಂಡಿಗೆ.

ಗೋಲುಕಂಬಗಳ ನಡುವೆ ನಿಂತು ಅದರ ಬಾಕಿ ಕಟ್ಟುವವನು ನಾನು:
ಲೀಗಿನ ಐದು ಪಂದ್ಯ, ಐದರಲ್ಲೂ ಮೊದಲ ಗೋಲು ನಮಗೇ ಬಿತ್ತು.
ಐದನ್ನೂ ಕೊನೆಗೆ ಅವನೇ ಗೆದ್ದುಕೊಟ್ಟ, ಅದು ಬೇರೆ.

ಬೈಯಲೆಂದೇ ಹೋದೆ ನಿನ್ನೆ, ಜೀನ್ಸ್ ಹೊಲಿಯುವ ಶೆಡ್ಡಿಗೆ.
ಬೆರಳೆಲ್ಲ ನೀಲಿ. ಹರಕು ತುಂಡೊಂದನ್ನು
ಸೂಜಿಯಡಿ ಓಡಿಸುತ್ತಿದ್ದ,
ಗಂಟು, ಬಿಟ್ಟ ಹೊಲಿಗೆ, ಮತ್ತೆ ಗಂಟು.
"ಮಷೀನು ಏನಂತೈತಿ ಅಂತ ಮೊದ್ಲು ಕೇಳ್ಬೇಕಲ್ಲೋ" ಎಂದ,
ತಲೆಯೆತ್ತದೆ.

ಭಾನುವಾರ ಸೆಮಿಫೈನಲ್ಲು.
ನಾಕೌಟಿಗೆ ಹರಕು ತುಂಡು ಎಲ್ಲಿಂದ ತರುವುದು?
ಬೈಗುಳ ನುಂಗಿ ಚಹಾ ಕುಡಿದೆ.
ಕೈಗವಸಿಗೆ ಇನ್ನೊಂದು ಪದರ ಹೊಲಿಸಿಕೊಂಡೆ,
ಅವನ ಹತ್ತಿರವೇ.